ದ್ರಾವಿಡ ಭಾಷಾವರ್ಗದ ಎರಡು ಶಾಖೆಗಳ ಸಂಧಿಭೂಮಿ: ಗಿಲ್ಲೆಸುಗೂರು ಪರಿಸರ ಮತ್ತು ಜೈನ ವೈಯಾಕರಣರ ಸಾಕ್ಷ್ಯ

1. ಪ್ರಸ್ತಾವನೆ

ದಕ್ಷಿಣ ಭಾರತದ ಭಾಷೆಗಳು ಒಂದೇ ಮೂಲದಿಂದ ಕವಲೊಡೆದವು ಎಂಬ ಮಾತು ಇಂದು ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ಕಾಣಬರುವಷ್ಟು ಸಾಮಾನ್ಯವಾಗಿದೆ. ಆದರೆ ಆ ಕವಲುಗಳು ಯಾವುವು, ಒಂದಕ್ಕೂ ಇನ್ನೊಂದಕ್ಕೂ ನಡುವಣ ಗೆರೆ ಎಲ್ಲಿ ಹಾದುಹೋಗುತ್ತದೆ, ಆ ಗೆರೆಯ ಮೇಲೆ ಬಾಳಿದವರ ಬರವಣಿಗೆಯಲ್ಲಿ ಅದು ಹೇಗೆ ಕಾಣಿಸಿಕೊಂಡಿದೆ ಎಂಬ ಪ್ರಶ್ನೆಗಳನ್ನು ಓಲೆಗರಿಗಳನ್ನು ಓದುವವರು ಅಷ್ಟಾಗಿ ಕೇಳಿಕೊಂಡಿಲ್ಲ. ಭಾಷಾಶಾಸ್ತ್ರ ಬೇರೆ, ಗ್ರಂಥಸಂಪಾದನೆ ಬೇರೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ವಸ್ತುತಃ ಇವೆರಡೂ ಒಂದನ್ನೊಂದು ಬಿಟ್ಟು ನಡೆಯಲಾರವು.

ನಮ್ಮ ಪಂಡಿತವರ್ಗದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ರೂಢಿಯಲ್ಲಿವೆ. ದೇಶಭಾಷೆಗಳೆಲ್ಲವೂ ಸಂಸ್ಕೃತದಿಂದಲೋ ಪ್ರಾಕೃತದಿಂದಲೋ ಹುಟ್ಟಿದವು ಎಂಬುದು ಮೊದಲನೆಯದು. ಕನ್ನಡ ತೆಲುಗುಗಳು ಒಂದೇ ಬಸಿರಿನ ಅವಳಿಗಳು, ಲಿಪಿ ಒಂದೇ ಆಗಿದ್ದುದೇ ಇದಕ್ಕೆ ಸಾಕ್ಷಿ ಎಂಬುದು ಎರಡನೆಯದು. ಮೊದಲನೆಯದು ದೇಶ್ಯಶಬ್ದಗಳ ಅಕ್ಷರರೂಪವನ್ನು ಅಲಕ್ಷಿಸುವಂತೆ ಮಾಡುತ್ತದೆ. ಎರಡನೆಯದು ಗಡಿಸೀಮೆಯ ಪ್ರತಿಗಳಲ್ಲಿರುವ ರೂಪಗಳ ಬೆಲೆಯನ್ನು ತಪ್ಪಾಗಿ ಕಟ್ಟುವಂತೆ ಮಾಡುತ್ತದೆ. ರಾಯಚೂರು ಜಿಲ್ಲೆಯ ಗಿಲ್ಲೆಸುಗೂರು ಪರಿಸರವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡು ಅಭಿಪ್ರಾಯಗಳನ್ನು ಪರೀಕ್ಷಿಸುವುದು, ಜೈನ ವೈಯಾಕರಣರು ಉಳಿಸಿಕೊಟ್ಟ ಸಾಮಗ್ರಿಯ ಮಹತ್ತ್ವವನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಎಡೆದೊಱೆ ನಾಡು

ಗಿಲ್ಲೆಸುಗೂರು ರಾಯಚೂರು ತಾಲ್ಲೂಕಿನ ಹೋಬಳಿ ಕೇಂದ್ರ. ರಾಯಚೂರು ನಗರದ ದಕ್ಷಿಣಕ್ಕೆ, ತುಂಗಭದ್ರೆಯ ಕಡೆಗಿದೆ. ನದಿಯನ್ನು ದಾಟಿದರೆ ಆಂಧ್ರದ ಕರ್ನೂಲು ಜಿಲ್ಲೆ, ಮಂತ್ರಾಲಯದ ಸೀಮೆ. ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ದಡದಲ್ಲಿ ದೇವಸುಗೂರು ಇದೆ, ಪಶ್ಚಿಮಕ್ಕೆ ಲಿಂಗಸುಗೂರು. ಎರಡು ಹೊಳೆಗಳ ನಡುವೆ ಹರಡಿರುವ ಈ ಮೂರು ಊರುಗಳಲ್ಲಿಯೂ ಉತ್ತರಪದ ಒಂದೇ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಪೂರ್ವಪದ ಸೇರಿದೆ. ಕೊನೆಯ ಊರು ಎಂಬ ಶಬ್ದ ತಮಿಳು ಮಲಯಾಳಗಳಲ್ಲಿ ಊರ್ ಎಂದೂ ಕನ್ನಡ ತುಳು ತೆಲುಗುಗಳಲ್ಲಿ ಊರು ಎಂದೂ ಇದ್ದು, ಗ್ರಾಮನಾಮದ ಈ ತುದಿಯಿಂದ ಮಾತ್ರ ಅದು ಕನ್ನಡದ್ದೋ ತೆಲುಗಿನದೋ ಎಂದು ನಿರ್ಣಯಿಸುವುದು ಸಾಧ್ಯವಿಲ್ಲ. ಹಳೆಯ ಶಾಸನರೂಪದ ಆಧಾರವಿಲ್ಲದೆ ಪೂರ್ವಪದಕ್ಕೆ ಅರ್ಥ ಹೇಳಹೊರಡುವುದೂ ಶಾಸ್ತ್ರವೆನಿಸದು. ಸ್ಥಳನಾಮವಿಚಾರದಲ್ಲಿ ಜನಪದ ನಿರುಕ್ತಿಗಳಿಂದ ಆಗಿರುವ ಹಾನಿ ಅಲ್ಪವಲ್ಲ.

ಈ ಸೀಮೆಯಲ್ಲಿ ಭಾಷೆಗಳ ಪದರಗಳು ಒಂದರ ಮೇಲೊಂದು ನಿಂತಿವೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅವರು ಕಂಡುಹಿಡಿದ ಮಸ್ಕಿಯ ಅಶೋಕ ಶಾಸನ ಪ್ರಾಕೃತದಲ್ಲಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನವೆಂದು ಅದು ಪ್ರಸಿದ್ಧ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಕರ್ನೂಲು ಜಿಲ್ಲೆಯ ಎರ್ರಗುಡಿ ಮತ್ತು ರಾಜುಲಮಂದಗಿರಿ ಇವೆಲ್ಲವೂ ಇದೇ ವಲಯದವು. ನದಿಯ ಎರಡು ಕಡೆಯೂ ಮೌರ್ಯರ ಆಡಳಿತಭಾಷೆ ಒಂದೇ ಆಗಿದ್ದಿತು. ಅನಂತರದ ಚಾಳುಕ್ಯ ರಾಷ್ಟ್ರಕೂಟರ ಕಾಲದಲ್ಲಿ ಕನ್ನಡ ಶಾಸನಗಳು ಈ ಭಾಗದಲ್ಲಿ ಸಮೃದ್ಧವಾದವು. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಮಾತ್ರವಲ್ಲ, ಇಂದು ತೆಲಂಗಾಣದಲ್ಲಿರುವ ಆಲಂಪುರದಲ್ಲಿಯೂ ಕನ್ನಡ ಶಾಸನಗಳುಂಟು. ಇದಕ್ಕೆ ಪ್ರತಿಯಾಗಿ ರಾಯಚೂರು ಕೋಟೆಯ ಗೋಡೆಯಲ್ಲಿರುವ ಬೃಹತ್ ಶಿಲೆಯ ಮೇಲಿನ ಕ್ರಿ.ಶ. 1294ರ ಕಾಕತೀಯ ಶಾಸನ ತೆಲುಗಿನಲ್ಲಿದೆ. ಆಲಂಪುರ ಗದ್ವಾಲ ತಾಲ್ಲೂಕುಗಳು 1956ರ ವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದು, ರಾಜ್ಯಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿದವು. ತುಂಗಭದ್ರಾ ಜಲಾಶಯದ ಕಾಲುವೆ ಬಂದ ಬಳಿಕ ಕರಾವಳಿ ಆಂಧ್ರದ ರೈತಕುಟುಂಬಗಳು ಇಲ್ಲಿ ನೆಲೆಸಿ 'ಕ್ಯಾಂಪು'ಗಳೆಂಬ ಹೊಸ ವಸತಿಗಳನ್ನು ಕಟ್ಟಿದುದು ಇದರ ಇತ್ತೀಚಿನ ಪದರ. ರಾಜಕೀಯದ ಗೆರೆ ಆಗಾಗ ಸರಿದಿದೆ. ಭಾಷೆಯ ಗೆರೆ ಎಂದೂ ಒಂದು ಹೊಳೆಯಷ್ಟು ಸ್ಪಷ್ಟವಾಗಿರಲಿಲ್ಲ.

3. ವರ್ಗಕಲ್ಪನೆಯ ಇತಿಹಾಸ

7ನೆಯ ಶತಮಾನದ ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ದ್ರಾವಿಡ ಭಾಷೆಯ ಪ್ರಸ್ತಾಪವೆತ್ತಿರುವುದು ವಿದಿತವೇ ಆಗಿದೆ. ಬರ್ನೆಲ್ ಅವರು ಆ ಸ್ಥಳದಲ್ಲಿ 'ಆಂಧ್ರದ್ರಾವಿಡಭಾಷಾ' ಎಂದು ಓದಿದರು. ಮುದ್ರಿತ ಪಾಠದಲ್ಲಿ 'ದ್ರಾವಿಡಾದಿಭಾಷಾ' ಎಂದಿದೆ. ಕೆಲವೇ ಅಕ್ಷರಗಳ ಈ ಪಾಠಭೇದದಿಂದ ದಕ್ಷಿಣದ ಭಾಷೆಗಳನ್ನು ಆಂಧ್ರ ಮತ್ತು ದ್ರಾವಿಡ ಎಂದು ಎರಡಾಗಿ ಎಣಿಸಿದ ಪ್ರಾಚೀನ ಸಾಕ್ಷ್ಯ ಇದೆಯೋ ಇಲ್ಲವೋ ಎಂಬುದೇ ಬದಲಾಗಿಬಿಡುತ್ತದೆ. ಹಸ್ತಪ್ರತಿಶಾಸ್ತ್ರ ಭಾಷಾಶಾಸ್ತ್ರಕ್ಕೆ ಎಷ್ಟು ಹತ್ತಿರವೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಅಲ್ಲಿ ಕುಮಾರಿಲನ ಆಕ್ಷೇಪವೂ ಗಮನಾರ್ಹ. ಅನ್ನವೆಂಬ ಅರ್ಥದ ತಮಿಳು 'ಚೋಱು', ಹೊಟ್ಟೆಯೆಂಬ ಅರ್ಥದ 'ವಯಿಱು' ಮೊದಲಾದ ಶಬ್ದಗಳಿಗೆ ಸ್ವರವನ್ನು ಅಂಟಿಸಿ ಚೋರ, ವೈರ ಎಂದು ಸಂಸ್ಕೃತದ ಅರ್ಥವನ್ನು ಹೊರಿಸುವವರನ್ನು ಅವನು ಒಪ್ಪುವುದಿಲ್ಲ. ದೇಶ್ಯವನ್ನು ಸಂಸ್ಕೃತವಾಗಿ ಓದುವ ಚಪಲ ಅಷ್ಟು ಹಳೆಯದು. ಅದರ ನಿಷೇಧವೂ ಅಷ್ಟೇ ಹಳೆಯದು.

ಜೈನ ಆಗಮಗಳಲ್ಲಿಯೂ ಇದರ ಸುಳಿವುಗಳಿವೆ. ಸಮವಾಯಾಂಗ ಮತ್ತು ಪಣ್ಣವಣಾ ಸೂತ್ರಗಳು ಎಣಿಸುವ 18 ಲಿಪಿಗಳಲ್ಲಿ 'ದಾಮಿಲಿ'ಯೂ ಒಂದು. ಉದ್ಯೋತನಸೂರಿಯು ಕ್ರಿ.ಶ. 779ರಲ್ಲಿ ಜಾಬಾಲಿಪುರದಲ್ಲಿ ರಚಿಸಿದ ಪ್ರಾಕೃತ ಕುವಲಯಮಾಲೆಯಲ್ಲಿ ನಾನಾ ದೇಶದ ವರ್ತಕರ ಮಾತುಗಳನ್ನು ಅನುಕರಿಸುವಾಗ ಕರ್ಣಾಟದವರನ್ನೂ ಆಂಧ್ರದವರನ್ನೂ ಬೇರೆಬೇರೆಯಾಗಿ ನಿಲ್ಲಿಸಿದ್ದಾನೆ. ಈ ಗ್ರಂಥವನ್ನು ಸಂಶೋಧಿಸಿ ಪ್ರಕಟಿಸಿದವರು ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. ದೂರದ ರಾಜಸ್ಥಾನದ ಜೈನಮುನಿಯ ಕಿವಿಗೂ ಕನ್ನಡ ತೆಲುಗುಗಳು ಎರಡಾಗಿಯೇ ಕೇಳಿಸಿದ್ದವು ಎಂಬುದು ಇಲ್ಲಿ ಪ್ರಕೃತ.

ಆಧುನಿಕ ಕಾಲದಲ್ಲಿ ಮದರಾಸಿನ ಸಂತ ಜಾರ್ಜ್ ಕೋಟೆಯ ಕಾಲೇಜಿನ ಎಲ್ಲಿಸ್ ಅವರು 1816ರಲ್ಲಿ ಕ್ಯಾಂಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಪ್ರಬಂಧದಲ್ಲಿ, ತಮಿಳು ತೆಲುಗು ಕನ್ನಡಗಳ ಧಾತುಗಳನ್ನು ಹೋಲಿಸಿ, ಇವು ಸಂಸ್ಕೃತಜನ್ಯವಲ್ಲದ ಒಂದೇ ಕುಲದವೆಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ಲರ ತೌಲನಿಕ ವ್ಯಾಕರಣ ಹೊರಬಂದು 'ದ್ರಾವಿಡ' ಎಂಬ ಹೆಸರು ಸ್ಥಿರವಾಯಿತು. ಇದೇ ಯುಗದ ಆರಂಭದಲ್ಲಿ ಕರ್ನಲ್ ಮೆಕೆಂಜಿಯವರ ಸಂಗ್ರಹಕಾರ್ಯಕ್ಕೆ ಹೆಗಲು ಕೊಟ್ಟವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಒಬ್ಬನೆಂಬುದನ್ನು ನಾವು ಮರೆಯಲಾಗದು. 1872ರಲ್ಲಿ ಕಿಟ್ಟೆಲ್ಲರ ಶಬ್ದಮಣಿದರ್ಪಣ, 1884ರಲ್ಲಿ ರೈಸರ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಅವರದೇ ಕರ್ಣಾಟಕ ಶಬ್ದಾನುಶಾಸನ, 1898ರಲ್ಲಿ ಪಾಠಕರ ಕವಿರಾಜಮಾರ್ಗ, ಹೀಗೆ ಹಳಗನ್ನಡದ ಶಾಸ್ತ್ರಗ್ರಂಥಗಳು ಅಚ್ಚಾದವು. 1961ರಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶವೂ ಅದೇ ವರ್ಷ ಭದ್ರಿರಾಜು ಕೃಷ್ಣಮೂರ್ತಿಯವರ ತೆಲುಗು ಧಾತುಗಳ ಅಧ್ಯಯನವೂ ಪ್ರಕಟವಾದವು. ಕೋಶದ ಪರಿಷ್ಕೃತ ಆವೃತ್ತಿ 1984ರಲ್ಲಿ ಬಂದಿತು.

ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಶಾಖೆಗಳು ನಾಲ್ಕು. ದಕ್ಷಿಣ ಶಾಖೆಯಲ್ಲಿ ತಮಿಳು, ಮಲಯಾಳ, ಇರುಳ, ತೋಡ, ಕೋತ, ಕೊಡಗು, ಬಡಗ, ಕನ್ನಡ, ತುಳು ಮೊದಲಾದವು. ದಕ್ಷಿಣ-ಮಧ್ಯ ಶಾಖೆಯಲ್ಲಿ ತೆಲುಗು, ಗೋಂಡಿ, ಕೊಂಡ, ಕುಯಿ, ಕುವಿ, ಪೆಂಗೊ, ಮಂಡ. ಮಧ್ಯ ಶಾಖೆಯಲ್ಲಿ ಕೊಲಾಮಿ, ನಾಯ್ಕಿ, ಪರ್ಜಿ, ಗದಬ. ಉತ್ತರ ಶಾಖೆಯಲ್ಲಿ ಕುರುಖ್, ಮಾಲ್ತೊ ಮತ್ತು ಬಲೂಚಿಸ್ಥಾನದ ಬ್ರಾಹುಯಿ. 2011ರ ಜನಗಣತಿಯಲ್ಲಿ ತೆಲುಗು ಭಾಷಿಕರು ಸುಮಾರು 8.11 ಕೋಟಿ, ತಮಿಳರು 6.90 ಕೋಟಿ, ಕನ್ನಡಿಗರು 4.37 ಕೋಟಿ, ಗೋಂಡಿಯವರು ಸುಮಾರು 29.8 ಲಕ್ಷ, ತುಳುವರು 18.5 ಲಕ್ಷ. 2018ರಲ್ಲಿ ಪ್ರಕಟವಾದ ಒಂದು ಗಣಿತಾಧಾರಿತ ಅಧ್ಯಯನ ಈ ಕುಲದ ಪ್ರಾಯವನ್ನು ಸುಮಾರು 4500 ವರ್ಷಗಳೆಂದು ಅಂದಾಜುಮಾಡಿದೆ.

ಹಿಂದೆ ತೆಲುಗನ್ನು ಕನ್ನಡ ತಮಿಳುಗಳ ಜೊತೆಗೇ ಎಣಿಸುತ್ತಿದ್ದರು. ಅದರ ನಿಜವಾದ ಒಡಹುಟ್ಟುಗಳು ಗೋಂಡಿ ಕುಯಿ ಮೊದಲಾದ ವನವಾಸಿಗಳ ಭಾಷೆಗಳು ಎಂಬುದನ್ನು ಸ್ಥಾಪಿಸಿದುದು ಕೃಷ್ಣಮೂರ್ತಿಯವರ ಸಾಧನೆ. ಹಾಗಾದರೆ ದಕ್ಷಿಣ ಮತ್ತು ದಕ್ಷಿಣ-ಮಧ್ಯ ಎಂಬ ಎರಡು ದೊಡ್ಡ ಕವಲುಗಳು ಪರಸ್ಪರ ತಾಕುವ ನೆಲ ಗಿಲ್ಲೆಸುಗೂರಿನಂತಹ ಊರುಗಳ ಹೊಲಗಳೇ ಆದುವು.

4. ನಾಡಿನ ಹೆಸರೇ ಸಾಕ್ಷಿ

ಕಲ್ಯಾಣ ಚಾಳುಕ್ಯರ ಕಾಲದಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗೆ ಎಡೆದೊಱೆ-2000 ಎಂದು ಹೆಸರು. ಎಡೆ ಎಂದರೆ ನಡುವು, ತೊಱೆ ಎಂದರೆ ಹೊಳೆ. ರಾಜೇಂದ್ರಚೋಳನ ತಮಿಳು ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ 'ಇಡೈತುಱೈ ನಾಡು' ಬರುತ್ತದೆ. ಇದು ಎಡೆದೊಱೆಯೇ ಎಂದು ಫ್ಲೀಟ್ ಗುರುತಿಸಿದರು. ಈ ಗುರುತಿಸುವಿಕೆ ಬಹುಮಟ್ಟಿಗೆ ಅಂಗೀಕೃತವಾಗಿದೆ. ಅದೇ ಪ್ರಶಸ್ತಿಯಲ್ಲಿ ಜೈನರಿಗೆ ಪೂಜ್ಯವಾದ ಕೊಲ್ಲಿಪಾಕೆಯೂ ಉಂಟು. ಸುಮಾರು 1021ರಲ್ಲಿ ಚೋಳರಿಗೂ ಜಯಸಿಂಹನಿಗೂ ಕಾಳಗ ನಡೆದ 'ಮುಶಂಗಿ'ಯನ್ನು ಮಸ್ಕಿಯೆಂದು ಗುರುತಿಸುತ್ತಾರೆ. ಮಸ್ಕಿಯ ಕನ್ನಡ ಶಾಸನಗಳಲ್ಲಿ ಆ ಊರು 'ಪಿರಿಯ ಮೊಸಂಗಿ'.

ಎಡೆ ಮತ್ತು ಇಡೈ, ತೊಱೆ ಮತ್ತು ತುಱೈ, ಇವು ಲಿಪಿಕಾರರ ಸ್ವೇಚ್ಛೆಯಿಂದಾದ ಭೇದಗಳಲ್ಲ. ಮುಂದಿನ ಅಕ್ಷರದಲ್ಲಿ ಅ-ಕಾರವಿದ್ದಾಗ ತಮಿಳಿನ ಗ್ರಂಥಸ್ಥಭಾಷೆಯಲ್ಲಿ ಇ, ಉ ಇರುವ ಕಡೆ ಕನ್ನಡದಲ್ಲಿ ಎ, ಒ ಬರುವುದು ನಿಯಮ. ತಮಿಳಿನ ಇಲೈ ಕನ್ನಡದಲ್ಲಿ ಎಲೆ. ಪುಗೈ ಕನ್ನಡದಲ್ಲಿ ಪೊಗೆ, ಈಗಿನ ಹೊಗೆ. ಕುಡೈ ಕನ್ನಡದಲ್ಲಿ ಕೊಡೆ. ಹೀಗೆ ಈ ಸೀಮೆಯ ಹಳೆಯ ಹೆಸರೇ ಒಂದು ಧ್ವನಿನಿಯಮದ ಶಿಲಾಲೇಖವಾಗಿದೆ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ತೆಲುಗಿನಲ್ಲಿಯೂ ಹೊಗೆಗೆ 'ಪೊಗ', ಕೊಡೆಗೆ 'ಗೊಡುಗು' ಎಂಬ ರೂಪಗಳಿದ್ದು, ಈ ವಿಷಯದಲ್ಲಿ ಕನ್ನಡ ತೆಲುಗಿನ ಪಕ್ಕಕ್ಕೆ ನಿಲ್ಲುತ್ತದೆ. ಇದೊಂದನ್ನೇ ನೋಡಿದವರು ಕನ್ನಡ ತೆಲುಗುಗಳನ್ನು ಒಂದೇ ಶಾಖೆಗೆ ಸೇರಿಸಿಯಾರು. ಬಾಂಧವ್ಯವನ್ನು ನಿರ್ಣಯಿಸುವುದು ಹೋಲಿಕೆಗಳ ಸಂಖ್ಯೆಯಲ್ಲ. ಯಾವ ಮಾರ್ಪಾಡುಗಳು ಒಂದು ಗುಂಪಿನಲ್ಲಿ ಒಟ್ಟಾಗಿ ಹುಟ್ಟಿದವು ಎಂಬುದೇ ಅದಕ್ಕೆ ಪ್ರಮಾಣ.

5. ಒಡಹುಟ್ಟು ಮತ್ತು ನೆರೆಹೊರೆ

ಅಂತಹ ಮಾರ್ಪಾಡುಗಳಲ್ಲಿ ಮುಖ್ಯವಾದವು ಎರಡು. ಒಂದು ಲಿಂಗವ್ಯವಸ್ಥೆ. ಕನ್ನಡದಲ್ಲಿ ಅವನ್, ಅವಳ್, ಅದು ಎಂದು ಏಕವಚನದಲ್ಲಿ ಮೂರು, ತಮಿಳಿನಲ್ಲಿಯೂ ಹಾಗೆಯೇ. ಸ್ತ್ರೀಲಿಂಗದ ಈ ಳ-ಕಾರಾಂತ ಪ್ರತ್ಯೇಕರೂಪ ದಕ್ಷಿಣ ಶಾಖೆಯ ಸೃಷ್ಟಿ. ತೆಲುಗಿನಲ್ಲಿ ವಾಡು ಎಂಬುದು ಪುಲ್ಲಿಂಗಕ್ಕೆ. ಉಳಿದ ಸ್ತ್ರೀ-ನಪುಂಸಕಗಳಿಗೆ 'ಅದಿ' ಒಂದೇ. ಇನ್ನೊಂದು ಶಬ್ದಾದಿಯಲ್ಲಿ ಆಗುವ ವರ್ಣವ್ಯತ್ಯಯ. ಕನ್ನಡದ ಎರಡು ತಮಿಳಿನಲ್ಲಿ ಇರಂಡು, ತೆಲುಗಿನಲ್ಲಿ ರೆಂಡು. ಕನ್ನಡದ ಒರಳು ತೆಲುಗಿನಲ್ಲಿ ರೋಲು; ಅವರ್ ಎಂಬುದು ವಾರು; ಮರವು ಹಳೆಯ ತೆಲುಗಿನಲ್ಲಿ ಮ್ರಾನು. ಮೊದಲ ಸ್ವರವನ್ನು ಹಿಂದಕ್ಕೆ ತಳ್ಳಿ ಎರಡನೆಯ ವ್ಯಂಜನವನ್ನು ಮುಂದಕ್ಕೆ ತರುವ ಈ ರೀತಿ ತೆಲುಗಿಗೂ ಅದರ ಒಡಹುಟ್ಟುಗಳಿಗೂ ವಿಶೇಷವಾದುದು.

ಕ-ಕಾರದ ನಡೆ ಮತ್ತೊಂದು ರೀತಿಯದು. ಎ, ಇ ಸ್ವರಗಳ ಮುಂದೆ ಕನ್ನಡವು ಮೂಲದ ಕ-ಕಾರವನ್ನು ಬಿಡದೆ ಹಿಡಿದಿದೆ: ಕಿವಿ, ಕೆಱೆ, ಕೆಡು. ತೆಲುಗಿನಲ್ಲಿ ಇವು ಚೆವಿ, ಚೆಱುವು, ಚೆಡು. ತಮಿಳಿನಲ್ಲಿ ಮೊದಲ ಎರಡು ಚೆವಿ, ಚಿಱೈ ಎಂದಾದರೂ ಮೂರ್ಧನ್ಯದ ಹಿಂದೆ ಕೆಡು ಎಂದೇ ಉಳಿದಿದೆ. ಶಾಖೆ ಬೇರೆಯಾದ ತಮಿಳು ತೆಲುಗುಗಳು ಇಲ್ಲಿ ಒಂದು ಕಡೆ, ತಮಿಳಿನ ಶಾಖೆಯದೇ ಆದ ಕನ್ನಡ ಇನ್ನೊಂದು ಕಡೆ.

ನೆರೆಹೊರೆಯ ಪ್ರಭಾವಕ್ಕೂ ನಿದರ್ಶನವುಂಟು. ಆಱು ಎಂಬ ಸಂಖ್ಯಾವಾಚಕ ಕನ್ನಡ ತಮಿಳು ತೆಲುಗು ಮೂರರಲ್ಲಿಯೂ ಸ್ವರಾದಿ. ಗೋಂಡಿಯಲ್ಲಿ ಮಾತ್ರ ಅದು ಸಾರುಂಗ್. ಮೂಲದಲ್ಲಿದ್ದ ಚ-ಕಾರ ಗೋಂಡಿಯಲ್ಲಿ ಸ-ಕಾರವಾಗಿ ನಿಂತಿದೆ. ತೆಲುಗು ತನ್ನ ಒಡಹುಟ್ಟನ್ನು ಬಿಟ್ಟು ನೆರೆಯ ಕನ್ನಡ ತಮಿಳುಗಳಂತೆ ಅದನ್ನು ಕಳೆದುಕೊಂಡಿದೆ. ರಕ್ತಸಂಬಂಧ ಒಂದು ಕಡೆ, ಸಹವಾಸ ಇನ್ನೊಂದು ಕಡೆ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಎಡೆದೊಱೆ ನಾಡಿನಂತಹ ಸಂಧಿಭೂಮಿಯ ಭಾಷೆ ನಮಗೆ ತಿಳಿಯದು.

6. ವೈಯಾಕರಣರು ಉಳಿಸಿದ ನಿಧಿ

ದ್ರಾವಿಡ ಭಾಷೆಗಳ ವ್ಯಾಕರಣ ಛಂದಶ್ಶಾಸ್ತ್ರಗಳ ಇತಿಹಾಸದಲ್ಲಿ ಜೈನರ ಪಾಲು ಎಷ್ಟೆಂಬುದನ್ನು ಒಟ್ಟಾಗಿ ನೋಡಿದರೆ ಆಶ್ಚರ್ಯವಾಗುತ್ತದೆ. ಕನ್ನಡದಲ್ಲಿ 9ನೆಯ ಶತಮಾನದ ಕವಿರಾಜಮಾರ್ಗ, ಇಮ್ಮಡಿ ನಾಗವರ್ಮನ ಶಬ್ದಸ್ಮೃತಿ ಮತ್ತು ಭಾಷಾಭೂಷಣ, ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣ, 1604ರ ಭಟ್ಟಾಕಳಂಕನ ಶಬ್ದಾನುಶಾಸನ. ತಮಿಳಿನಲ್ಲಿ ಅಮಿತಸಾಗರನ ಯಾಪ್ಪರುಂಗಲ, ಗುಣವೀರ ಪಂಡಿತನ ನೇಮಿನಾದ, 13ನೆಯ ಶತಮಾನದ ಭವಣಂದಿ ಮುನಿಯ ನನ್ನೂಲ್. ಈ ಕೊನೆಯ ಗ್ರಂಥಕ್ಕೆ ಆಶ್ರಯದಾತನಾದ ಸೀಯಗಂಗನು ಗಂಗವಂಶದ ಹೆಸರನ್ನು ಹೊತ್ತ ಸಾಮಂತ. ತೊಲ್ಕಾಪ್ಪಿಯದ ಕರ್ತೃವೂ ಜೈನನೆಂದು ವೈಯಾಪುರಿ ಪಿಳ್ಳೆಯವರಂತಹ ವಿದ್ವಾಂಸರು ವಾದಿಸಿದ್ದಾರೆ. ತೆಲುಗಿನ ಪ್ರಾಚೀನ ಛಂದೋಗ್ರಂಥವಾದ ಕವಿಜನಾಶ್ರಯದ ಮಲ್ಲಿಯ ರೇಚನನೂ ಜೈನ. ಸಂಸ್ಕೃತ ಪ್ರಾಕೃತಗಳಲ್ಲಿ ಪಳಗಿದ ಈ ಶಾಸ್ತ್ರಕಾರರು ದೇಶಭಾಷೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಬಲ್ಲವರಾಗಿದ್ದರು.

ಕೇಶಿರಾಜನ ವರ್ಣವಿಚಾರವನ್ನೇ ತೆಗೆದುಕೊಳ್ಳೋಣ. ಅಚ್ಚಗನ್ನಡಕ್ಕೆ ಸಲ್ಲದ ಋ, ಶ, ಷ, ವಿಸರ್ಗ ಮೊದಲಾದವನ್ನು ಕಳೆದು, ಎ, ಒ, ಱ, ೞ, ಳ ಎಂಬ ಐದನ್ನು ದೇಶೀಯವೆಂದು ಸೇರಿಸಿ, ಕನ್ನಡದ ಅಕ್ಷರಗಳು 47 ಎಂದು ಅವನು ನಿರ್ಣಯಿಸುತ್ತಾನೆ. ತಮಿಳು ತೆಲುಗುಗಳನ್ನು ಅವನು ಹೋಲಿಸಲಿಲ್ಲ. ದ್ರಾವಿಡ ಮೂಲವೆಂಬ ಕಲ್ಪನೆಯೂ ಅವನಿಗಿರಲಿಲ್ಲ. ಆದರೂ ಅವನು ಬೇರ್ಪಡಿಸಿದ ಐದು ವರ್ಣಗಳನ್ನೂ ಇಂದಿನ ತೌಲನಿಕ ಭಾಷಾಶಾಸ್ತ್ರ ಮೂಲದ್ರಾವಿಡಕ್ಕೆ ಸಲ್ಲಿಸುತ್ತದೆ. ಒಂದೇ ಭಾಷೆಯನ್ನು ಶುದ್ಧವಾಗಿ ವಿವರಿಸಿದವನು, ತಾನರಿಯದೆಯೇ, ಒಂದು ಕುಲದ ಲಕ್ಷಣವನ್ನು ಬರೆದಿಟ್ಟನು.

ಇದಕ್ಕಿಂತ ಹೆಚ್ಚಿನದು ೞ-ಕಾರದ ವಿಷಯ. ಕೇಶಿರಾಜನ ಕಾಲಕ್ಕೆ ಆಡುಮಾತಿನಲ್ಲಿ ಈ ಧ್ವನಿ ಅಳಿದುಹೋಗಿದ್ದಿತು. ಸ್ವರಗಳ ನಡುವೆ ಅದು ಳ ಆಯಿತು. ವ್ಯಂಜನದ ಹಿಂದೆ ರೇಫವಾಗಿ, ಮುಂದೆ ಆ ರೇಫವೂ ಕರಗಿತು. ಕೋೞಿ ಕೋಳಿಯಾಯಿತು, ಗೞ್ದೆ ಗರ್ದೆಯಾಗಿ ಗದ್ದೆಯಾಯಿತು, ಕೞ್ತೆ ಕರ್ತೆಯಾಗಿ ಕತ್ತೆಯಾಯಿತು, ಪೊೞ್ತು ಪೊತ್ತಾಗಿ ಹೊತ್ತಾಯಿತು. ಅಂತಹ ಕಾಲದಲ್ಲಿ ಕೇಶಿರಾಜನು ಯಾವ ಯಾವ ಶಬ್ದಗಳಲ್ಲಿ ೞ-ಕಾರವಿದೆ ಎಂದು ಪೂರ್ವಕವಿಪ್ರಯೋಗಗಳಿಂದ ಆಯ್ದು ಪಟ್ಟಿಮಾಡಿದನು. ಈ ಪಟ್ಟಿಯನ್ನು ಪರೀಕ್ಷಿಸಲು ನಮ್ಮಲ್ಲಿ ಎರಡು ಒರೆಗಲ್ಲುಗಳಿವೆ. ತಮಿಳಿನಲ್ಲಿ ೞ ಇಂದಿಗೂ ಉಳಿದಿದೆ, ಆ ಭಾಷೆಯ ಹೆಸರಿನಲ್ಲಿಯೇ ಅದುಂಟು. ತೆಲುಗಿನಲ್ಲಿ ಅದು ಪ್ರಾಚೀನ ಶಾಸನಗಳಲ್ಲಿದ್ದು ಅನಂತರ ಬಹುಮಟ್ಟಿಗೆ ಡ-ಕಾರವಾಯಿತು. ಕನ್ನಡದ ಏೞು ತಮಿಳಿನಲ್ಲಿ ಏೞು, ತೆಲುಗಿನಲ್ಲಿ ಏಡು. ಕೋೞಿ ತೆಲುಗಿನಲ್ಲಿ ಕೋಡಿ. ನೆೞಲ್ ತಮಿಳಿನಲ್ಲಿ ನಿೞಲ್, ತೆಲುಗಿನಲ್ಲಿ ನೀಡ. ಕೞ್ತೆ ತಮಿಳಿನಲ್ಲಿ ಕೞುದೈ, ತೆಲುಗಿನಲ್ಲಿ ಗಾಡಿದ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಎಲ್ಲೆಯಾಗಿ ಹೇಳಿದ ಕಿಸುವೊೞಲ್, ಕೊಪಣ, ಪುಲಿಗೆಱೆ, ಒಂಕುಂದಗಳಲ್ಲಿ ಮೊದಲನೆಯದರ ಉತ್ತರಪದವಾದ ಪೊೞಲ್ ಎಂಬುದೇ ತೆಲುಗಿನ ಪ್ರೋಲು. ನಿಡುಬ್ರೋಲು ಎಂಬ ಊರಿನ ಹೆಸರಿನಲ್ಲಿ ಅದನ್ನು ಕಾಣುತ್ತೇವೆ. ವರ್ಣವ್ಯತ್ಯಯದ ಮುಸುಕನ್ನು ಸರಿಸಿದರೆ ಒಳಗಿನ ಶಬ್ದ ಒಂದೇ.

ಭಟ್ಟಾಕಳಂಕನು 592 ಸೂತ್ರಗಳಲ್ಲಿ, ಸಂಸ್ಕೃತದಲ್ಲಿಯೇ, ಕನ್ನಡದ ಲಕ್ಷಣವನ್ನು ಹೇಳಿದುದನ್ನು ಕೆಲವರು ಸಂಸ್ಕೃತದ ಮೇಲ್ಮೆಗೆ ಪ್ರಮಾಣವಾಗಿ ತೋರುವುದುಂಟು. ಆದರೆ ಅವನು ದೇಶಭಾಷೆ ಶಾಸ್ತ್ರಕ್ಕೆ ಅನರ್ಹವೆಂಬ ಆಕ್ಷೇಪವನ್ನು ಎತ್ತಿಕೊಂಡು, ಕನ್ನಡದಲ್ಲಿ ಮಹಾಗ್ರಂಥಗಳಿರುವುದನ್ನು ತೋರಿಸಿ ಖಂಡಿಸಿದ್ದಾನೆ ಎಂಬುದನ್ನು ಮರೆಯಬಾರದು. ತತ್ಸಮ, ತದ್ಭವ, ದೇಶ್ಯ ಎಂಬ ವಿಭಾಗದಲ್ಲಿ ದೇಶ್ಯಕ್ಕೆ ಸ್ವತಂತ್ರ ಸ್ಥಾನವನ್ನು ಕೊಟ್ಟ ಪರಂಪರೆಗೆ, ಎಲ್ಲವೂ ಸಂಸ್ಕೃತಜನ್ಯವೆಂಬ ಮತವನ್ನು ಆರೋಪಿಸುವುದು ನ್ಯಾಯವಲ್ಲ.

7. ಜಿನವಲ್ಲಭನ ಬಂಡೆ

ಎರಡು ಶಾಖೆಗಳ ಸಂಧಿಯಲ್ಲಿ ಜೈನರು ಹೇಗೆ ಬಾಳಿದರೆಂಬುದಕ್ಕೆ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬೊಮ್ಮಲಗುಟ್ಟದ ಶಾಸನಕ್ಕಿಂತ ಮಿಗಿಲಾದ ಸಾಕ್ಷಿಯಿಲ್ಲ. ಪಂಪನ ತಮ್ಮ ಜಿನವಲ್ಲಭನು 10ನೆಯ ಶತಮಾನದ ಮಧ್ಯಭಾಗದಲ್ಲಿ ಚಕ್ರೇಶ್ವರಿ ಹಾಗೂ ಜಿನಬಿಂಬಗಳ ಕೆಳಗೆ ಬರೆಯಿಸಿದ ಈ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಪದ್ಯಗಳಿವೆ. ತೆಲುಗಿನ ಭಾಗ ಕಂದಪದ್ಯಗಳಲ್ಲಿದ್ದು, ಆ ಭಾಷೆಯಲ್ಲಿ ದೊರೆತ ಅತ್ಯಂತ ಹಳೆಯ ಕಂದಗಳಲ್ಲಿ ಎಣಿಸಲ್ಪಡುತ್ತದೆ. ಕಂದವು ಪ್ರಾಕೃತದ ಸ್ಕಂಧಕದಿಂದ ಬಂದುದು. ಪ್ರಾಕೃತದ ಛಂದಸ್ಸು ಕನ್ನಡದಲ್ಲಿ ನೆಲೆಯೂರಿ ತೆಲುಗಿನಲ್ಲಿಯೂ ಬಳಕೆಗೆ ಬಂದ ದಾರಿಯಲ್ಲಿ ಒಬ್ಬ ಜೈನಕವಿ ನಿಂತಿದ್ದಾನೆ.

ಪಂಪ ಜಿನವಲ್ಲಭರ ಪೂರ್ವಿಕರು ವೆಂಗಿನಾಡಿನವರು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ ಮಲ್ಲಪ ಪುಣ್ಣಮಯ್ಯಂದಿರೂ ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನ ಮನೆತನದವರು. ಆ ಮಲ್ಲಪನ ಮಗಳು ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಹಸ್ತಪ್ರತಿಗಳ ಇತಿಹಾಸದಲ್ಲಿ ಅದ್ವಿತೀಯ ಘಟನೆ. ಅಂದರೆ ಕನ್ನಡ ಕಾವ್ಯದ ಸುವರ್ಣಯುಗವನ್ನು ಕಟ್ಟಿದ ಕವಿಗಳೂ ದಾನಿಗಳೂ ತೆಲುಗು ನೆಲದ ಬೇರುಳ್ಳವರು. ಇವರಿಗೆ ಎರಡು ಭಾಷೆಗಳೂ ತಮ್ಮವು. ಆದರೆ ಎರಡೂ ಒಂದೇ ಎಂದು ಅವರು ಭಾವಿಸಲಿಲ್ಲ. ಒಂದೇ ಆಗಿದ್ದರೆ ಒಂದೇ ಬಂಡೆಯ ಮೇಲೆ ಎರಡರಲ್ಲಿಯೂ ಬರೆಯುವ ಪ್ರಯೋಜನವೇನಿತ್ತು?

ಲಿಪಿಯ ಐಕ್ಯದಿಂದ ಭಾಷೆಯ ಐಕ್ಯವನ್ನು ಊಹಿಸುವ ಎರಡನೆಯ ಅಭಿಪ್ರಾಯಕ್ಕೆ ಇಷ್ಟೇ ಉತ್ತರ ಸಾಕು. ಹೆಚ್ಚಿನ ನಿದರ್ಶನ ಬೇಕಾದರೆ ಮೂಡಬಿದರೆಯ ಧವಲಾ ತಾಳೆಗರಿಗಳನ್ನು ನೋಡಬಹುದು: ಲಿಪಿ ಹಳಗನ್ನಡ, ಭಾಷೆ ಮುಖ್ಯವಾಗಿ ಪ್ರಾಕೃತ.

8. ಸಂಪಾದಕರಿಗೆ ಅನ್ವಯ

ಮೇಲಿನ ವಿಚಾರಗಳು ಗ್ರಂಥಸಂಪಾದನೆಗೆ ಹೇಗೆ ಅನ್ವಯಿಸುತ್ತವೆ ಎಂಬುದನ್ನು ನಾಲ್ಕು ಮಾತುಗಳಲ್ಲಿ ಸೂಚಿಸಬಹುದು.

ಮೊದಲನೆಯದಾಗಿ, ೞ ಳಗಳನ್ನೂ ಱ ರಗಳನ್ನೂ ಒಂದಾಗಿಸಿ ಮುದ್ರಿಸುವುದರಿಂದ ಅರ್ಥಕ್ಕೇ ಕುಂದು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಖಡ್ಗ; ತಮಿಳಿನಲ್ಲಿಯೂ ವಾೞ್, ವಾಳ್ ಎಂಬ ಭೇದವಿದೆ. ಕಱೆ ಎಂದರೆ ಹಾಲನ್ನು ಹಿಂಡು, ಕರೆ ಎಂದರೆ ಕೂಗು. ತಡವಾದ ಪ್ರತಿಗಳಲ್ಲಿ ಲಿಪಿಕಾರರು ಈ ಅಕ್ಷರಗಳನ್ನು ಬೆರೆಸಿರುವುದು ಸಹಜ. ಸಂಪಾದಕನು ಬೆರೆಸುವುದಕ್ಕೆ ಸಮರ್ಥನೆಯಿಲ್ಲ.

ಎರಡನೆಯದಾಗಿ, ಶುದ್ಧರೂಪವನ್ನು ನಿರ್ಣಯಿಸಲು ಮೂರು ಪ್ರಮಾಣಗಳನ್ನು ಕ್ರಮವಾಗಿ ಬಳಸಬೇಕು: ಪದ್ಯದ ಆದಿಪ್ರಾಸ, ಕೇಶಿರಾಜಾದಿಗಳ ಪಟ್ಟಿ, ತಮಿಳು ತೆಲುಗುಗಳ ಸಜಾತೀಯ ಶಬ್ದ. ಮೂರೂ ಒಂದನ್ನೇ ಹೇಳಿದಲ್ಲಿ ಎಲ್ಲ ಪ್ರತಿಗಳೂ ಳ-ಕಾರವನ್ನೇ ಕೊಟ್ಟರೂ ೞ-ಕಾರವನ್ನು ಸ್ವೀಕರಿಸಬಹುದು. ಪ್ರತಿಗಳ ಪಾಠವನ್ನು ಅಡಿಯಲ್ಲಿ ಕಾಣಿಸಬೇಕು. ಪ್ರಮಾಣಗಳು ಭಿನ್ನವಾದಲ್ಲಿ ಪ್ರತಿಯ ಪಾಠವನ್ನು ಕದಲಿಸಬಾರದು.

ಮೂರನೆಯದಾಗಿ, ಗಡಿಸೀಮೆಯ ಪ್ರತಿಗಳಲ್ಲಿ ಪ-ಕಾರ ಉಳಿದಿರುವುದನ್ನು ಕಂಡು ಮಾತ್ರ ಅವು ಪ್ರಾಚೀನವೆಂದು ಹೇಳಲಾಗದು. ಕನ್ನಡದಲ್ಲಿ ಪಿರಿಯ ಹಿರಿಯವಾಯಿತು, ಪಾಲ್ ಹಾಲಾಯಿತು. ತೆಲುಗಿನಲ್ಲಿ ಪಾಲು ಇಂದಿಗೂ ಪಾಲೇ. ತೆಲುಗು ಮನೆಮಾತಿನ ಲಿಪಿಕಾರನಿಗೆ ಪ-ಕಾರ ಕಿವಿಗೆ ಹಿತವಾದುದರಿಂದ ಮೂಲದ ಪ-ಕಾರವನ್ನು ಅವನು ಹೆಚ್ಚು ನಿಷ್ಠೆಯಿಂದ ಉಳಿಸಿಯಾನು, ಇಲ್ಲದ ಕಡೆ ತಂದೂ ಹಾಕಿಯಾನು. ಇದೇ ನ್ಯಾಯದಿಂದ ಳ-ಕಾರ ಬರಬೇಕಾದ ಕಡೆ ಡ-ಕಾರ ಕಂಡರೆ ಅದನ್ನು ಕೇವಲ ಕೈತಪ್ಪೆಂದು ತಳ್ಳದೆ, ಮೂಲದಲ್ಲಿ ೞ-ಕಾರವಿದ್ದೀತೇ ಎಂದು ಪರಿಶೀಲಿಸಬೇಕು.

ನಾಲ್ಕನೆಯದಾಗಿ, ಪ್ರತಿಯ ವಿವರಣೆಯಲ್ಲಿ ಲಿಪಿ, ಭಾಷೆ, ದೊರೆತ ಸ್ಥಳ, ಬರೆದ ಸ್ಥಳ ಈ ನಾಲ್ಕನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಕನ್ನಡ ಕೃತಿಗಳು ತೆಲುಗು ಲಿಪಿಯ ಓಲೆಗಳಲ್ಲಿ ಉಳಿದಿರುವುದುಂಟು. ಲಿಪಿಯನ್ನು ಕಂಡು ಭಾಷೆಯ ಶೀರ್ಷಿಕೆಯಡಿ ಸೇರಿಸಿದ ಪ್ರತಿ, ಹುಡುಕುವವನ ಪಾಲಿಗೆ ಕಳೆದುಹೋದಂತೆಯೇ ಸರಿ. ರಾಯಚೂರು, ದೇವದುರ್ಗ, ಮಾನವಿ ಸೀಮೆಗಳಲ್ಲಿ ಇನ್ನು ಮುಂದೆ ಸಂಗ್ರಹಕ್ಕೆ ಹೊರಡುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

9. ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಕನ್ನಡ ತೆಲುಗುಗಳು ಒಂದೇ ಕುಲದ ಎರಡು ಬೇರೆ ಶಾಖೆಗಳು. ಅವುಗಳ ಸಾಮ್ಯದಲ್ಲಿ ಒಂದಂಶ ಕುಲದಿಂದ ಬಂದುದು, ಒಂದಂಶ ಸಾವಿರಾರು ವರ್ಷಗಳ ಸಹವಾಸದಿಂದ ಬಂದುದು. ಸಂಸ್ಕೃತ ಪ್ರಾಕೃತಗಳು ಇವೆರಡಕ್ಕೂ ಶಬ್ದವನ್ನೂ ಛಂದಸ್ಸನ್ನೂ ಶಾಸ್ತ್ರವನ್ನೂ ಧಾರಾಳವಾಗಿ ಕೊಟ್ಟ ಗುರುಗಳು, ಹೆತ್ತವರಲ್ಲ. ಜೈನ ವೈಯಾಕರಣರು ಈ ಸತ್ಯವನ್ನು ಇಂದಿನ ಪರಿಭಾಷೆಯಲ್ಲಿ ಹೇಳದಿದ್ದರೂ, ದೇಶೀಯ ವರ್ಣಗಳನ್ನು ಬೇರ್ಪಡಿಸಿ, ಅಳಿಯುತ್ತಿದ್ದ ಅಕ್ಷರಗಳ ಶಬ್ದಗಳನ್ನು ಪಟ್ಟಿಮಾಡಿ, ಅದನ್ನು ಸಿದ್ಧಪಡಿಸಲು ಬೇಕಾದ ಸಾಮಗ್ರಿಯನ್ನು ನಮ್ಮ ಕೈಗಿತ್ತರು.

ಕೇಶಿರಾಜನು ತನ್ನ ಕಾಲದ ಬಾಯಲ್ಲಿ ಇಲ್ಲದ ಅಕ್ಷರವನ್ನು ಪೂರ್ವಕವಿಗಳ ಓಲೆಗಳಿಂದ ಎತ್ತಿ ಉಳಿಸಿದನು. ಅವನ ಗ್ರಂಥವನ್ನೂ ಅವನು ಆಧರಿಸಿದ ಕಾವ್ಯಗಳನ್ನೂ ಅಚ್ಚುಹಾಕಿಸುವ ನಾವು ಆ ಅಕ್ಷರವನ್ನು ಸೌಕರ್ಯಕ್ಕಾಗಿ ಕೈಬಿಟ್ಟರೆ, ಅವನು ಕಾಪಾಡಿದುದನ್ನು ಕಳೆದವರಾಗುತ್ತೇವೆ. ಈ ವಿಷಯದಲ್ಲಿ ವಿದ್ವಾಂಸರು ಅವಧಾನವಿಡಬೇಕೆಂದು ಪ್ರಾರ್ಥನೆ.